ಪೆಸಾಖ್ ಹಬ್ಬಕ್ಕೆ ಯಹೂದಿ ಮನೆ ಸಿದ್ಧ ಮಾಡುವುದು: ಕೇರ್‌ಗಿವರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಮಂಗಳೂರು, ಉಡುಪಿ ಕಡೆಯಿಂದ ಹೋದವರು ಬಹಳ ಜನ ಇದ್ದಾರೆ. ಮಾರ್ಚ್ ಬಂತೆಂದರೆ ಅವರೆಲ್ಲರ ಗೋಳು ಒಂದೇ. ವಾರಗಟ್ಟಲೆ ಮನೆ ತಿಕ್ಕಿರುತ್ತಾರೆ. ಕಿಟಕಿ, ಪರದೆ, ಫ್ಯಾನು ಎಲ್ಲ ಫಳಫಳ. ಕೊನೆಗೆ ಅಜ್ಜಿಯ ವೀಲ್‌ಚೇರ್ ಸೀಟಿನ ಸಂದಿಯಲ್ಲಿ ಅರ್ಧ ಬಿಸ್ಕೆಟ್ ಸಿಗುತ್ತದೆ, ಮಗಳು ಗಾಬರಿಯಾಗುತ್ತಾಳೆ, ಕೆಲಸ ಮತ್ತೆ ಮೊದಲಿನಿಂದ ಶುರು. ಹಬ್ಬದ ರಾತ್ರಿ ಎಲ್ಲರೂ ಮೇಜಿನ ಮುಂದೆ ತೂಕಡಿಸುತ್ತಾರೆ.

ಇಲ್ಲಿ ಎರಡು ತಪ್ಪು ಆಗುತ್ತಿದೆ. ಹುಡುಕಬೇಕಾದ್ದು ಏನು ಎಂದು ಗೊತ್ತಿಲ್ಲದೆ ತಿಕ್ಕುವುದು ಒಂದು. ಅಡುಗೆಮನೆಯನ್ನು ಮೊದಲು ಮಾಡುವುದು ಇನ್ನೊಂದು. ಪೆಸಾಖ್‌ನ ಮೊದಲ ರಾತ್ರಿಯ ಊಟಕ್ಕೆ ಸೇಡೆರ್ ಅನ್ನುತ್ತಾರೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದಕ್ಕೆ ಕೃತಜ್ಞತೆ ಹೇಳುವ ರಾತ್ರಿ ಅದು. ಆ ರಾತ್ರಿ ಎಚ್ಚರವಾಗಿ ಕೂರುವಷ್ಟು ಶಕ್ತಿ ಮನೆಯವರಲ್ಲಿ ಉಳಿಯಬೇಕು, ನಿಮ್ಮಲ್ಲೂ ಉಳಿಯಬೇಕು. ಕೆಳಗಿನ ಹಂತಗಳ ಲೆಕ್ಕಾಚಾರ ಪೂರ್ತಿ ಅದರ ಮೇಲೆಯೇ ನಿಂತಿದೆ.

## ಹುಡುಕುತ್ತಿರುವುದು ಏನನ್ನು?

ಖಮೇಟ್ಸ್ ಅಂದರೆ ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಎಂಬ ಐದು ಧಾನ್ಯಗಳಲ್ಲಿ ಯಾವುದಾದರೂ ನೀರು ತಾಗಿ ಹುಳಿಬಂದದ್ದು. ಹಿಟ್ಟಿಗೆ ನೀರು ಬಿದ್ದು 18 ನಿಮಿಷ ಸುಮ್ನೆ ಬಿಟ್ಟರೆ ಅದು ಖಮೇಟ್ಸ್. ಹಬ್ಬದ ಮಟ್ಸಾ ರೊಟ್ಟಿಯನ್ನು ಆ 18 ನಿಮಿಷದೊಳಗೆ ಕಲಸಿ, ಲಟ್ಟಿಸಿ, ಬೇಯಿಸಿ ಮುಗಿಸುತ್ತಾರೆ. ಹಬ್ಬ ಇಸ್ರೇಲಿನಲ್ಲಿ ಏಳು ದಿನ, ಹೊರದೇಶಗಳಲ್ಲಿ ಸಾಮಾನ್ಯವಾಗಿ ಎಂಟು ದಿನ. ಅಷ್ಟೂ ದಿನ ಯಹೂದಿಯೊಬ್ಬರು ಖಮೇಟ್ಸ್ ತಿನ್ನುವಂತಿಲ್ಲ, ತಮ್ಮದಾಗಿ ಇಟ್ಟುಕೊಳ್ಳುವಂತೆಯೂ ಇಲ್ಲ.

ಯುಗಾದಿಗೆ ನಾವು ಮನೆ ಗುಡಿಸಿ ಜೇಡರ ಬಲೆ ತೆಗೆಯುತ್ತೇವಲ್ಲ, ಇದು ಆ ಕೆಲಸವಲ್ಲ. ಧೂಳು ಖಮೇಟ್ಸ್ ಅಲ್ಲ ಎಂದು ರಬ್ಬಿಗಳೇ, ಅಂದರೆ ಯಹೂದಿ ಧರ್ಮಗುರುಗಳೇ, ಮತ್ತೆ ಮತ್ತೆ ಹೇಳುತ್ತಾರೆ. ಮುಖ್ಯವಾಗಿ ಹುಡುಕುವುದು ತಿನ್ನಲು ಬರುವ, ಒಂದು ಆಲಿವ್ ಕಾಯಿಯಷ್ಟಾದರೂ ಇರುವ ತುಂಡನ್ನು. ಅಡುಗೆ ಮಾಡುವ, ಊಟ ಮಾಡುವ ಜಾಗದಲ್ಲಿ ಮಾತ್ರ ಸಣ್ಣ ಪುಡಿಯ ಬಗ್ಗೆಯೂ ಎಚ್ಚರ ಬೇಕು, ಅದು ಊಟಕ್ಕೆ ಸೇರಿಬಿಡಬಹುದು. ಪರದೆ ಒಗೆಯುವುದು, ಕಿಟಕಿ ಒರೆಸುವುದು ಬೇರೆ ತಿಂಗಳಲ್ಲೂ ಆಗುತ್ತದೆ.

ನಮ್ಮ ಸಾಮಾನುಗಳಲ್ಲಿ ಖಮೇಟ್ಸ್ ಯಾವುದು? ಚಪಾತಿ ಹಿಟ್ಟು, ಮೈದಾ, ರವೆ, ಗೋಧಿ ಶಾವಿಗೆ, ಬಾರ್ಲಿ ಮಾಲ್ಟ್ ಇರುವ ಹಾರ್ಲಿಕ್ಸ್, ಬೋರ್ನ್‌ವಿಟಾ, ಬಿಯರ್ ಇವೆಲ್ಲ ಆಗಲ್ಲ. ಜಾಸ್ತಿ ಜನ ಎಡವುವುದು ಇಂಗಿನಲ್ಲಿ. ಡಬ್ಬಿಯಲ್ಲಿ ಬರುವ ಇಂಗಿನ ಪುಡಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಇಂಗು ಹಾಕಿದ ಸಾರಿನ ಪುಡಿ, ಉಪ್ಪಿನಕಾಯಿ ಕೂಡ ಅದೇ ಲೆಕ್ಕಕ್ಕೆ ಬಂತು.

ಅಕ್ಕಿ, ಉದ್ದು, ಹೆಸರು, ಕಡಲೆ, ಜೋಳ, ರಾಗಿ ಖಮೇಟ್ಸ್ ಅಲ್ಲ. ಆದರೂ ಅಶ್ಕೆನಾಜಿ ಮನೆಗಳಲ್ಲಿ, ಅಂದರೆ ಯುರೋಪ್ ಮೂಲದವರಲ್ಲಿ, ಇವನ್ನು ಕಿಟ್ನಿಯೋತ್ ಎಂದು ಕರೆದು ಹಬ್ಬದಲ್ಲಿ ತಿನ್ನುವುದಿಲ್ಲ. ಸೆಫಾರ್ದಿ ಮನೆಗಳಲ್ಲಿ, ಅಂದರೆ ಸ್ಪೇನ್, ಉತ್ತರ ಆಫ್ರಿಕಾ, ಮಧ್ಯಪ್ರಾಚ್ಯದ ಮೂಲದವರಲ್ಲಿ, ಹಲವರು ಅನ್ನ ತಿನ್ನುತ್ತಾರೆ, ಅಕ್ಕಿಯನ್ನು ಮೂರು ಸಲ ಕಾಳು ಕಾಳಾಗಿ ಆರಿಸಿದ ಮೇಲೆ. ನಮ್ಮ ಕೊಂಕಣದ ಬೆನೆ ಇಸ್ರೇಲ್ ಮತ್ತು ಕೊಚ್ಚಿಯ ಯಹೂದಿಗಳೂ ಸಾಮಾನ್ಯವಾಗಿ ಅನ್ನ ಉಣ್ಣುವವರೇ.

## ಬೇಕಾದ ಸಾಮಾನು

- ಮೂಲೆಗೆ ಹೋಗುವ ತೆಳು ಕೊಳವೆಯ ವ್ಯಾಕ್ಯೂಮ್ ಕ್ಲೀನರ್, ಹಳೆಯ ಟೂತ್‌ಬ್ರಷ್
- ಟಾರ್ಚ್
- ಅಗಲ ಟೇಪ್, ದಪ್ಪ ಮಾರ್ಕರ್ ಪೆನ್
- ದೊಡ್ಡ ಪಾತ್ರೆ, ಉದ್ದ ಇಕ್ಕಳ, ದಪ್ಪ ಕೈಗವಸು
- ಅಲ್ಯೂಮಿನಿಯಂ ಫಾಯಿಲ್
- ಹುಡುಕುವ ರಾತ್ರಿಗೆ ಮೇಣದಬತ್ತಿ, ಚೂರು ಗುಡಿಸಲು ಹಕ್ಕಿ ಗರಿ, ಮರದ ಚಮಚ (ಅಂಗಡಿಗಳಲ್ಲಿ ಸೆಟ್ ಆಗಿಯೇ ಸಿಗುತ್ತದೆ)

ಇಸ್ರೇಲಿನಲ್ಲಿ ಎಕೊನೊಮಿಕಾ ಅನ್ನುವ ಬ್ಲೀಚ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು ವಿನೆಗರ್, ಆಸಿಡ್, ಅಮೋನಿಯಾ ಅಥವಾ ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಇದು ಪ್ರಾಣಕ್ಕೇ ಅಪಾಯ, ಉಬ್ಬಸ ಇರುವ ಅಜ್ಜ ಪಕ್ಕದ ಕೋಣೆಯಲ್ಲಿದ್ದರೆ ಅವರಿಗೂ.

## ಹಂತ 1: ಕೆಲಸಕ್ಕೆ ಮೊದಲು ಕೇಳಿ

ಒಂದೊಂದು ಮನೆಯ ಪದ್ಧತಿ ಒಂದೊಂದು ತರಹ. ಹೋದ ಮನೆಯಲ್ಲಿ ನಡೆದದ್ದು ಈ ಮನೆಯಲ್ಲಿ ನಡೆಯುತ್ತದೆ ಎಂದುಕೊಳ್ಳಬೇಡಿ. ಹಬ್ಬಕ್ಕೆ ನಾಲ್ಕು ವಾರ ಇರುವಾಗಲೇ ಅಜ್ಜಿಯನ್ನೋ ಅವರ ಮಕ್ಕಳನ್ನೋ ಕೂರಿಸಿಕೊಂಡು ಇಷ್ಟು ಕೇಳಿ ಬರೆದಿಟ್ಟುಕೊಳ್ಳಿ: ಅಕ್ಕಿ, ಬೇಳೆ ನಡೆಯುತ್ತದೆಯೇ? ಹಬ್ಬಕ್ಕೆ ಬೇರೆ ಪಾತ್ರೆ ಇದೆಯೇ, ಇಲ್ಲಾ ಇರುವುದನ್ನೇ ಶುದ್ಧ ಮಾಡಬೇಕೇ? ಖಮೇಟ್ಸ್ ಮಾರುತ್ತಾರೆಯೇ? ಯಾವ ರಬ್ಬಿಯನ್ನು ಕೇಳುವುದು? ಭಾರದ ಕೆಲಸಕ್ಕೆ ಯಾರು ಬರುತ್ತಾರೆ? ಕೊನೆಯ ಪ್ರಶ್ನೆಗೆ ನಾಚಿಕೆ ಬೇಡ. ನೀವು ಏಣಿ ಹತ್ತಿ ಅಟ್ಟ ತೊಳೆಯುವಾಗ ಕೆಳಗೆ ಅಜ್ಜಿ ಬಿದ್ದರೆ ಯಾರಿಗೆ ಬೇಕು?

ಔಷಧಿಯ ಮಾತನ್ನೂ ಇಲ್ಲೇ ಮುಗಿಸಿ. ಮಾತ್ರೆಯಲ್ಲಿ ಖಮೇಟ್ಸ್ ಇರಬಹುದು ಎಂದು ಹೆದರಿ ಕೆಲವು ಹಿರಿಯರು ತಾವಾಗಿಯೇ ಔಷಧಿ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಲು ಬಿಡಬೇಡಿ. ಯಹೂದಿ ಧರ್ಮದಲ್ಲಿ ಜೀವ ಉಳಿಸುವುದು ಈ ನಿಯಮಕ್ಕಿಂತ ದೊಡ್ಡದು. ರುಚಿಯಿಲ್ಲದೆ ನುಂಗುವ ಮಾತ್ರೆಗೆ ರಬ್ಬಿಗಳು ಸಾಮಾನ್ಯವಾಗಿ ಒಪ್ಪುತ್ತಾರೆ. ಸಿರಪ್, ಚೀಪುವ ಮಾತ್ರೆ, ಪೌಷ್ಟಿಕ ಪಾನೀಯದ ಬಗ್ಗೆ ಕೇಳಬೇಕು. ಕುಪಾತ್ ಖೋಲೀಮ್ ಆರೋಗ್ಯ ಸಂಸ್ಥೆಗಳು ಹಬ್ಬಕ್ಕೆ ಮುಂಚೆ ಔಷಧಿಗಳ ಪಟ್ಟಿ ಹೊರಡಿಸುತ್ತವೆ.

## ಹಂತ 2: ತೆರೆಯದ ಪೊಟ್ಟಣಗಳನ್ನು ಮೊದಲು ಹೊರಗೆ ಕೊಡಿ

ಶುಚಿ ಮಾಡುವ ಮುಂಚೆ ಕೊಡುವ ಕೆಲಸ. ಪೆಸಾಖ್ ನಿಯಮಗಳ ಗ್ರಂಥಭಾಗದ ಶುರುವಿನಲ್ಲೇ, ಬಡವರ ಹಬ್ಬಕ್ಕೆ ಗೋಧಿ ಕೊಂಡು ಹಂಚುವ ಪದ್ಧತಿಯ ಮಾತು ಬರುತ್ತದೆ. ಇದಕ್ಕೆ ಕಿಮ್ಖಾ ದೆಪಿಸ್ಖಾ ಎಂದು ಹೆಸರು. ಈಗ ಜಾಸ್ತಿ ಜನ ದುಡ್ಡು ಕೊಡುತ್ತಾರೆ. ನನ್ನ ಮಟ್ಟಿಗೆ ಈ ಕ್ರಮವೇ ಚಂದ: ತನಗೆ ಸಿಕ್ಕಿದ್ದಕ್ಕೆ ಕೃತಜ್ಞತೆ ಇದ್ದರೆ ಅದು ಮೊದಲು ಕೊಡುವ ಕೈಯಲ್ಲಿ ಕಾಣಬೇಕು ಅಲ್ವಾ.

ನೀವು ಮಾಡಬೇಕಾದ್ದು ಇಷ್ಟು. ಪಾಸ್ತಾ, ಹಿಟ್ಟು, ಸೀರಿಯಲ್ ಎಲ್ಲವನ್ನೂ ಒಂದೇ ಕಡೆ ತಂದು ಇಡಿ. ತೆರೆಯದ್ದು ಒಂದು ಗುಂಪು, ತೆರೆದದ್ದು ಇನ್ನೊಂದು. ತೆರೆಯದ್ದನ್ನು ಯಾರಿಗೆ ಕೊಡುವುದೆಂದು ಮನೆಯವರು ಹೇಳಲಿ. ತೆರೆದದ್ದನ್ನು ಇನ್ನು ಮುಂದಿನ ದಿನಗಳ ಅಡುಗೆಗೆ ಬಳಸಿ. ಒಳ್ಳೆಯ ಆಹಾರವನ್ನು ಕಸಕ್ಕೆ ಸುರಿಯುವುದು ಯಹೂದಿ ನಿಯಮದಲ್ಲೂ ತಪ್ಪೇ. ಮಾಡುವ ದೊಡ್ಡ ತಪ್ಪು ಏನೆಂದರೆ, ಹಬ್ಬಕ್ಕೆ ಹತ್ತೇ ದಿನ ಇರುವಾಗ ಅಂಗಡಿಯಲ್ಲಿ ಸೇಲ್ ಇದೆ ಎಂದು ಐದು ಕಿಲೋ ಹಿಟ್ಟು ತರುವುದು.

## ಹಂತ 3: ದಿನಗಳನ್ನು ಹಿಂದಿನಿಂದ ಎಣಿಸಿ

ಸೇಡೆರ್ ರಾತ್ರಿಯಿಂದ ಹಿಂದಕ್ಕೆ ಬನ್ನಿ. 2027ರಲ್ಲಿ ಸೇಡೆರ್ ಏಪ್ರಿಲ್ 21ರ ಬುಧವಾರ ರಾತ್ರಿ. ಹಾಗಾದರೆ 21ರ ಬೆಳಿಗ್ಗೆ ಉಳಿದ ಖಮೇಟ್ಸ್ ಸುಡುವುದು, 20ರ ರಾತ್ರಿ ಕೊನೆಯ ಸಲ ಹುಡುಕುವುದು, ಅದಕ್ಕೆ ಹಿಂದಿನ ಮೂರು ನಾಲ್ಕು ದಿನ ಅಡುಗೆಮನೆ, ಅದಕ್ಕೂ ಹಿಂದೆ ಉಳಿದ ಕೋಣೆಗಳು. ಸೇಡೆರ್ ದಿನ ಮಧ್ಯಾಹ್ನ ಅಜ್ಜಿಗೂ ನಿಮಗೂ ನಿದ್ದೆ ಎಂದು ಕ್ಯಾಲೆಂಡರಿನಲ್ಲೇ ಬರೆಯಿರಿ. ಊಟ ಮಧ್ಯರಾತ್ರಿಯವರೆಗೂ ಎಳೆಯಬಹುದು.

2025ರಲ್ಲಿ ಆದಂತೆ ಸೇಡೆರ್ ಶನಿವಾರ ರಾತ್ರಿ ಬಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಶನಿವಾರದ ವಿಶ್ರಾಂತಿ ದಿನವಾದ ಶಬ್ಬತ್‌ನಲ್ಲಿ ಸುಡುವಂತಿಲ್ಲ, ಹಾಗಾಗಿ ಹುಡುಕುವುದು ಗುರುವಾರ ರಾತ್ರಿಗೆ, ಸುಡುವುದು ಶುಕ್ರವಾರಕ್ಕೆ ಹೋಗುತ್ತದೆ. ಅಂಥ ವರ್ಷ ರಬ್ಬಿ ಕೊಡುವ ಸಮಯದ ಹಾಳೆ ನೋಡದೆ ಏನೂ ಶುರು ಮಾಡಬೇಡಿ.

## ಹಂತ 4: ಕೋಣೆಗಳು, ಒಂದಾದ ಮೇಲೆ ಒಂದು

ಅಡುಗೆಮನೆಯಿಂದ ದೂರದ ಕೋಣೆಯಿಂದ ಶುರು ಮಾಡಿ ಅಡುಗೆಮನೆಯ ಕಡೆ ಬನ್ನಿ. ಒಂದು ಕೋಣೆ ಮುಗಿದ ತಕ್ಷಣ ಬಾಗಿಲಿಗೆ "ಪೆಸಾಖ್‌ಗೆ ಸಿದ್ಧ" ಎಂದು ಚೀಟಿ ಅಂಟಿಸಿ. ಅಲ್ಲಿಂದ ಮುಂದೆ ಆ ಕೋಣೆಗೆ ತಿಂಡಿ ಹೋಗಬಾರದು. ಚೀಟಿ ಅಂಟಿಸದವರೇ ಎರಡೆರಡು ಸಲ ಕೆಲಸ ಮಾಡುವುದು. ಮೊಮ್ಮಕ್ಕಳು ಬರುತ್ತಾರೆ, ಸೋಫಾ ಮೇಲೆ ಗೋಧಿಯ ಪ್ರೆಟ್ಜೆಲ್ ತಿನ್ನುತ್ತಾರೆ, ಮುಗಿಯಿತು.

ವಯಸ್ಸಾದವರ ಮನೆಯಲ್ಲಿ ಖಮೇಟ್ಸ್ ಸಿಗುವ ಜಾಗಗಳು ಬೇರೆಯೇ. ವೀಲ್‌ಚೇರಿನ ದಿಂಬಿನ ಅಡಿ, ವಾಕರ್‌ಗೆ ತೂಗುಹಾಕಿದ ಚೀಲ, ಮಂಚದ ಪಕ್ಕದ ಡ್ರಾಯರ್, ದಿಂಬಿನ ಕವರ್, ಹಾಸಿಗೆ ಮತ್ತು ಗೋಡೆಯ ನಡುವೆ, ಕೋಟಿನ ಜೇಬು, ಆಸ್ಪತ್ರೆಗೆ ಒಯ್ಯುವ ಬ್ಯಾಗು. ಮರೆವಿನ ಕಾಯಿಲೆ ಇರುವವರು ಬ್ರೆಡ್ಡನ್ನು ಟಿಶ್ಯೂನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡುವುದುಂಟು. ಅದನ್ನು ಅವರ ಕಣ್ಣ ಮುಂದೆ ಎಳೆದು ತೋರಿಸಬೇಡಿ. ಅವರು ಸ್ನಾನಕ್ಕೆ ಹೋದಾಗ ತೆಗೆದುಬಿಡಿ. ಹಸಿವು ಕಂಡ ತಲೆಮಾರಿನವರಾದರೆ ಬ್ರೆಡ್ ಮುಚ್ಚಿಡುವುದಕ್ಕೆ ಕಾರಣವೂ ಇದ್ದೀತು.

ಕಾರು, ನಾಯಿ ಬೆಕ್ಕಿನ ಆಹಾರ ಮರೆಯಬೇಡಿ. ಸಾಕುಪ್ರಾಣಿಯ ಒಣ ಆಹಾರದಲ್ಲಿ ಗೋಧಿ ಇರುವುದು ಸಾಮಾನ್ಯ. ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಬೆಕ್ಕಿಗೆ ಒಂದು ವಾರ ಬೇಕಾಗಬಹುದು.

## ಹಂತ 5: ಅಡುಗೆಮನೆ

ಹೊತ್ತು ಹೆಚ್ಚು ಹಿಡಿಯುವುದು, ಜಗಳ ಹೆಚ್ಚು ಆಗುವುದು ಇಲ್ಲೇ. ನಿಧಾನವಾಗಿ ಮಾಡಿ.

ಮೊದಲು ಊಟದ ವ್ಯವಸ್ಥೆ. ಅಡುಗೆಮನೆ ಮುಚ್ಚಿದ ಮೇಲೆ ಅಜ್ಜಿಗೆ ಬೆಳಗಿನ ತಿಂಡಿ ಎಲ್ಲಿ? ಬಾಲ್ಕನಿಯಲ್ಲೋ ಒಂದು ಮೂಲೆಯಲ್ಲೋ ಸಣ್ಣ ಮೇಜು ಹಾಕಿ, ಕಾಗದದ ತಟ್ಟೆ ಇಡಿ. ಖಮೇಟ್ಸ್ ಊಟ ಅಲ್ಲಿ ಮಾತ್ರ.

ಆಮೇಲೆ ಫ್ರಿಜ್, ಕಪಾಟು. ಖಾಲಿ ಮಾಡಿ, ತೊಳೆದು, ಒಣಗಿಸಿ. ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆಯನ್ನು ಟೂತ್‌ಬ್ರಷ್‌ನಿಂದ ಉಜ್ಜಿ.

ಓವನ್, ಸ್ಟೌವ್. ಚೆನ್ನಾಗಿ ತೊಳೆದು 24 ಗಂಟೆ ಬಳಸದೆ ಬಿಡಿ. ಅನಂತರ ಓವನ್ನನ್ನು ಅತಿ ಹೆಚ್ಚು ಬಿಸಿಯಲ್ಲಿ ಓಡಿಸುತ್ತಾರೆ. ಎಷ್ಟು ಹೊತ್ತು ಎಂಬುದಕ್ಕೆ ಆ ಮನೆಯ ರಬ್ಬಿಯ ಮಾತೇ ಕೊನೆ. ಸ್ಟೌವ್ ಸುತ್ತ ಫಾಯಿಲ್ ಹಾಸುವಾಗ ಬರ್ನರಿನ ಗಾಳಿ ತೂತು ಮುಚ್ಚಬೇಡಿ. ಉರಿ ಹಳದಿಯಾದರೆ, ವಾಸನೆ ಬಂದರೆ ತಕ್ಷಣ ಆರಿಸಿ ಫಾಯಿಲ್ ತೆಗೆಯಿರಿ. ಟೋಸ್ಟರ್ ಜೊತೆ ಗುದ್ದಾಡಬೇಡಿ, ಸುತ್ತಿ ಒಳಗಿಡಿ.

ಪಾತ್ರೆಗಳು. ಹಬ್ಬಕ್ಕೆ ಬೇರೆ ಪಾತ್ರೆ ಇದ್ದರೆ ನೀವು ಬಚಾವ್. ಇಲ್ಲದಿದ್ದರೆ ಕುದಿನೀರಿನಲ್ಲಿ ಅದ್ದಿ ಶುದ್ಧ ಮಾಡುವ ಹಗಾಲಾ ಎಂಬ ಕ್ರಮ ಇದೆ:

1. ಸ್ಟೀಲ್ ಪಾತ್ರೆಯನ್ನು ಒಂದು ಕಲೆಯೂ ಉಳಿಯದಂತೆ ತಿಕ್ಕಿ.
2. 24 ಗಂಟೆ ಬಿಸಿ ಅಡುಗೆಗೆ ಬಳಸದೆ ಬಿಡಿ. ಕುದಿಸುವ ದೊಡ್ಡ ಪಾತ್ರೆಗೂ ಇದೇ ನಿಯಮ.
3. ನೀರು ಗುಳುಗುಳು ಕುದಿಯುತ್ತಿರುವಾಗಲೇ ಪಾತ್ರೆಯನ್ನು ಪೂರ್ತಿ ಮುಳುಗಿಸಿ. ಕುದಿ ನಿಂತರೆ ಮತ್ತೆ ಕುದಿಯುವವರೆಗೆ ಕಾಯಿರಿ.
4. ಇಕ್ಕಳ ಹಿಡಿದ ಜಾಗಕ್ಕೆ ನೀರು ತಾಗಿರುವುದಿಲ್ಲ. ಹಿಡಿತ ಬದಲಿಸಿ ಮತ್ತೆ ಮುಳುಗಿಸಿ.
5. ಹೊರತೆಗೆದು ತಣ್ಣೀರಿನಲ್ಲಿ ತೊಳೆಯಿರಿ.

ಮಣ್ಣಿನ, ಪಿಂಗಾಣಿ ಪಾತ್ರೆಗೆ ಇದು ಆಗುವುದಿಲ್ಲ. ಮರದ ಹಿಡಿ ಸಡಿಲವಾಗಿ ಸಂದಿ ಇರುವ ಚಾಕು ಬೇಡ. ಗಾಜಿನ ವಿಷಯದಲ್ಲಿ ಸೆಫಾರ್ದಿಗಳಿಗೆ ತೊಳೆದರೆ ಸಾಕು. ಅಶ್ಕೆನಾಜಿಗಳಲ್ಲಿ ಕೆಲವರು ಮೂರು ದಿನ ನೀರಿನಲ್ಲಿ ನೆನೆಸಿ ದಿನಕ್ಕೊಮ್ಮೆ ನೀರು ಬದಲಿಸುತ್ತಾರೆ. ಮಾಂಸದ ಪಾತ್ರೆ, ಹಾಲಿನ ಪಾತ್ರೆ ಒಟ್ಟಿಗೆ ಮುಳುಗಿಸಬೇಡಿ. ಇದೆಲ್ಲ ನಡೆಯುವಾಗ ಮನೆಯವರೊಬ್ಬರು ಪಕ್ಕದಲ್ಲಿರಲಿ. ನೀವು ಒಬ್ಬರೇ ಮಾಡಿಟ್ಟರೆ "ಸರಿಯಾಗಿ ಆಯಿತಾ" ಎಂಬ ಅನುಮಾನ ಅವರನ್ನು ಬಿಡುವುದಿಲ್ಲ.

ಕೊನೆಗೆ ಸಿಂಕ್, ಕಟ್ಟೆ. ಸ್ಟೀಲ್ ಸಿಂಕಿಗೆ ಕೆಟಲ್‌ನಿಂದ ಕುದಿನೀರು ಸುರಿಯುತ್ತಾರೆ. ಕಟ್ಟೆಯನ್ನು ಫಾಯಿಲ್ ಅಥವಾ ದಪ್ಪ ಹಾಳೆಯಿಂದ ಮುಚ್ಚಬಹುದು.

## ಹಂತ 6: ಮಾರುವುದು, ಮತ್ತು ನಿಮ್ಮದೇ ಡಬ್ಬಿಗಳು

ಬೆಲೆಬಾಳುವ ಖಮೇಟ್ಸ್ ಇದ್ದರೆ, ವಿಸ್ಕಿ ಬಾಟಲಿ ಅಂದುಕೊಳ್ಳಿ, ರಬ್ಬಿಯ ಮೂಲಕ ಯಹೂದಿಯಲ್ಲದವರಿಗೆ ಮಾರುತ್ತಾರೆ. ಇದು ನಾಟಕವಲ್ಲ, ಕಾಗದ ಪತ್ರ ಇರುವ ನಿಜವಾದ ಮಾರಾಟ. ಇಸ್ರೇಲ್ ಸರ್ಕಾರದ್ದೇ ಖಮೇಟ್ಸನ್ನು ಜೆರುಸಲೇಮ್ ಹತ್ತಿರದ ಅಬು ಘೋಷ್ ಊರಿನ ಅರಬ್ ಮುಸ್ಲಿಮರೊಬ್ಬರಿಗೆ ಎಷ್ಟೋ ವರ್ಷ ಮಾರಿದ್ದಾರೆ. ಅಜ್ಜಿಯ ಸಹಿ ಬೇಕಾಗುತ್ತದೆ, ಹಾಗಾಗಿ ಕೊನೆಯ ದಿನಕ್ಕೆ ಬಿಡಬೇಡಿ. ಮಾರಿದ ಕಪಾಟಿಗೆ ಟೇಪ್ ಹಾಕಿ ಬರೆದಿಡಿ. ಹಬ್ಬ ಮುಗಿಯುವವರೆಗೆ ಅದು ಇನ್ನೊಬ್ಬರ ಆಸ್ತಿ.

ನಿಮ್ಮ ಕೋಣೆಯ ಸಾಮಾನು? ನೀವು ಯಹೂದಿಯಲ್ಲ, ಖಮೇಟ್ಸ್ ನಿಮ್ಮದಾಗಿರುವುದಕ್ಕೆ ನಿಮಗೆ ತಡೆ ಇಲ್ಲ. ಆದರೂ ಒಂದೇ ಸೂರಿನಡಿ ಇದ್ದೀರಿ. ಮುಚ್ಚುಮರೆ ಬೇಡ. ಏನಿದೆ ಎಂದು ಹೇಳಿ, ಡಬ್ಬಿಗಳನ್ನು ಹಬ್ಬದ ಮಟ್ಟಿಗೆ ಗೆಳತಿಯ ಕೋಣೆಗೆ ಸಾಗಿಸುವುದು ಸುಲಭದ ದಾರಿ. ಏಳು ದಿನ ಬ್ರೆಡ್ ಇಲ್ಲದೆ ನಿಮಗೇನು ಊಟ ಎಂಬುದನ್ನೂ ಈಗಲೇ ಮಾತಾಡಿ. ಆಲೂಗಡ್ಡೆ, ಮೊಟ್ಟೆ, ಮೀನು, ತರಕಾರಿ ಸಾಮಾನ್ಯವಾಗಿ ನಡೆಯುತ್ತವೆ. ಒಗ್ಗರಣೆಗೆ ಸಾಸಿವೆಯನ್ನೂ ಅಶ್ಕೆನಾಜಿ ಮನೆಗಳಲ್ಲಿ ಬಿಡುತ್ತಾರೆ ಎಂಬುದು ನೆನಪಿರಲಿ.

## ಹಂತ 7: ಹುಡುಕುವ ರಾತ್ರಿ, ಸುಡುವ ಬೆಳಿಗ್ಗೆ

ಹಿಂದಿನ ರಾತ್ರಿ ಕತ್ತಲಾದ ಮೇಲೆ ಮನೆಯವರು ಆಶೀರ್ವಚನ ಹೇಳಿ, ಮೇಣದಬತ್ತಿ ಹಿಡಿದು ಮನೆಯೆಲ್ಲ ಹುಡುಕುತ್ತಾರೆ. ಬರಿಗೈಯಲ್ಲಿ ಮುಗಿಯದಿರಲಿ ಎಂದು ಮೊದಲೇ ಹತ್ತು ಬ್ರೆಡ್ ತುಂಡುಗಳನ್ನು ಬಚ್ಚಿಡುವುದು ವಾಡಿಕೆ. ಬಚ್ಚಿಡುವ ಕೆಲಸ ನಿಮಗೆ ಬಂದರೆ ಪ್ರತಿ ತುಂಡನ್ನೂ ಕಾಗದದಲ್ಲಿ ಸುತ್ತಿ, ಜಾಗಗಳ ಪಟ್ಟಿ ಬರೆದಿಡಿ. ಒಂಬತ್ತು ಸಿಕ್ಕಿ ಹತ್ತನೆಯದು ಸಿಗದೆ ನಡುರಾತ್ರಿ ಸೋಫಾ ಎತ್ತಿದ ಮನೆಗಳು ಇವೆ. ಬಟ್ಟೆಯ ಕಪಾಟು, ಪರದೆಯ ಹತ್ತಿರ ಬತ್ತಿ ಬೇಡ, ಟಾರ್ಚ್ ಸಾಕು.

ಈ ಕೆಲಸವನ್ನು ಅಜ್ಜಿಯಿಂದ ಕಿತ್ತುಕೊಳ್ಳಬೇಡಿ. ಇದು ಅವರ ಕರ್ತವ್ಯ. ವೀಲ್‌ಚೇರ್ ತಳ್ಳಿಕೊಂಡು ಹೋಗಿ, ಗರಿ ಅವರ ಕೈಗೆ ಕೊಡಿ. ಆಗದಿದ್ದರೆ ಮಗನನ್ನೋ ಮೊಮ್ಮಗಳನ್ನೋ ತಮ್ಮ ಪರವಾಗಿ ನೇಮಿಸಬಹುದು. ಹುಡುಕಿದ ಮೇಲೆ "ನನಗೆ ಕಾಣದ ಖಮೇಟ್ಸ್ ಮಣ್ಣಿನ ಧೂಳಿಗೆ ಸಮ" ಎಂಬ ಅರ್ಥದ ಅರಾಮಿಕ್ ಮಾತು ಹೇಳುತ್ತಾರೆ. ಅರಾಮಿಕ್ ಗೊತ್ತಿಲ್ಲದವರು ತಮಗೆ ತಿಳಿದ ಭಾಷೆಯಲ್ಲೇ ಹೇಳಬಹುದು.

ಬೆಳಿಗ್ಗೆ ಖಮೇಟ್ಸ್ ತಿನ್ನುವುದನ್ನು ನಿಲ್ಲಿಸಲು ಒಂದು ಗಡುವು, ಸುಡಲು ಇನ್ನೊಂದು. ಎರಡೂ ಮಧ್ಯಾಹ್ನಕ್ಕೆ ಮುಂಚೆಯೇ ಮುಗಿಯುತ್ತವೆ, ನಿಮಿಷಗಳು ಊರಿನಿಂದ ಊರಿಗೆ ಬದಲು. ಆ ದಿನ ಮಟ್ಸಾ ಕೂಡ ರಾತ್ರಿಯವರೆಗೆ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಈ ಮಧ್ಯದ ಹೊತ್ತು ಕಷ್ಟ. ಬೇಯಿಸಿದ ಆಲೂಗಡ್ಡೆ, ಮೊಟ್ಟೆ ಮೊದಲೇ ಸಿದ್ಧ ಇರಲಿ.

## ಹಂತ 8: ಸೇಡೆರ್ ಮೇಜು

ಮೂರು ಮಟ್ಸಾ ಬಟ್ಟೆಯಡಿ. ಸೇಡೆರ್ ತಟ್ಟೆಯಲ್ಲಿ ಸುಟ್ಟ ಮೂಳೆ, ಮೊಟ್ಟೆ, ಕಹಿ ಸೊಪ್ಪು, ಹಣ್ಣು ಬೀಜಗಳ ಖರೋಸೆತ್, ಒಂದು ತರಕಾರಿ. ಪಕ್ಕದಲ್ಲಿ ಉಪ್ಪುನೀರು. ಪ್ರತಿಯೊಬ್ಬರಿಗೂ ನಾಲ್ಕು ಸಲ ವೈನ್.

ವೈನ್ ಬಾಟಲಿಯನ್ನು ನೀವು ತೆರೆದು ಬಡಿಸಬೇಡಿ. ಧರ್ಮ ಪಾಲಿಸುವ ಮನೆಗಳಲ್ಲಿ ಯಹೂದಿಯಲ್ಲದವರು ಮುಟ್ಟಿ ಸುರಿದ ವೈನ್ ಕುಡಿಯುವುದಿಲ್ಲ, ಕಾಯಿಸಿದ ಮೆವುಶಾಲ್ ವೈನಿಗೆ ಮಾತ್ರ ವಿನಾಯಿತಿ. ಬೇಸರ ಮಾಡಿಕೊಳ್ಳಬೇಡಿ, ಹಳೆಯ ನಿಯಮ ಅದು. ಒಲೆಯನ್ನೂ ಮನೆಯವರೇ ಹಚ್ಚಲಿ. ಅಜ್ಜಿಗೆ ವೈನ್ ಆಗದಿದ್ದರೆ ದ್ರಾಕ್ಷಿ ರಸ ನಡೆಯುತ್ತದೆ, ಸಕ್ಕರೆ ಎಷ್ಟು ಎಂದು ಡಾಕ್ಟರನ್ನು ಕೇಳಿರಿ. ನುಂಗಲು ತೊಂದರೆ ಇರುವವರಿಗೆ ಒಣ ಮಟ್ಸಾ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕಟ್ಟಾ ಸಂಪ್ರದಾಯದ ಹಸೀದಿ ಪಂಗಡದ ಮನೆಗಳಲ್ಲಿ ಸಾಮಾನ್ಯವಾಗಿ ಮಟ್ಸಾ ನೆನೆಸುವುದಿಲ್ಲ, ಆದರೂ ಕಾಯಿಲೆಯವರಿಗೆ ನೀರಲ್ಲಿ ನೆನೆಸಲು ರಬ್ಬಿ ಒಪ್ಪುತ್ತಾರೆ. ಮೊದಲೇ ಕೇಳಿಡಿ. ಮಟ್ಸಾ ಮಲಬದ್ಧತೆಯನ್ನೂ ತರುತ್ತದೆ, ನೀರು ಜಾಸ್ತಿ ಕುಡಿಸಿ.

ಆಮೇಲೆ ಹಗ್ಗಾದಾ ಓದು, ಅಂದರೆ ಬಿಡುಗಡೆಯ ಕಥೆ ಹೇಳುವ ಸೇಡೆರ್ ಪುಸ್ತಕ. ಅದರಲ್ಲಿ ದಯೇನು ಎಂಬ ಹಾಡು ಬರುತ್ತದೆ. ಈಜಿಪ್ಟಿನಿಂದ ಹೊರತಂದದ್ದು, ಕಡಲು ಸೀಳಿದ್ದು, ಮನ್ನಾ ತಿನ್ನಿಸಿದ್ದು ಎಂದು ಒಂದೊಂದನ್ನೇ ಹೆಸರಿಸಿ, "ಅಷ್ಟೇ ಆಗಿದ್ದರೂ ನಮಗೆ ಸಾಕಿತ್ತು" ಎನ್ನುತ್ತಾರೆ. ಒಟ್ಟಾಗಿ ಒಂದು ಥ್ಯಾಂಕ್ಸ್ ಎಸೆದು ಮುಗಿಸುವುದಿಲ್ಲ. ಓದುವವರು ಸುಸ್ತಾಗಿದ್ದರೆ ಮೊದಲು ಹಾರಿಸುವುದು ಇಂಥದ್ದನ್ನೇ. ಅದಕ್ಕೇ ಮಧ್ಯಾಹ್ನದ ನಿದ್ದೆಗೆ ಅಷ್ಟು ಒತ್ತಿ ಹೇಳಿದ್ದು.

ಧರ್ಮಗ್ರಂಥಕ್ಕೆ ರಾಶಿ ಎಂಬ ಹಳೆಯ ಯಹೂದಿ ಪಂಡಿತರು ಬರೆದ ವ್ಯಾಖ್ಯಾನದಲ್ಲಿ ಒಂದು ಮಾತಿದೆ. ನೈಲ್ ನದಿಯನ್ನು ರಕ್ತ ಮಾಡಲು ಕೋಲಿನಿಂದ ಹೊಡೆದವನು ಈಜಿಪ್ಟಿನಿಂದ ಜನರನ್ನು ಕರೆತಂದ ಮೋಶೆಯಲ್ಲ, ಅವನ ಅಣ್ಣ ಆರೋನ. ಕೂಸಾಗಿದ್ದಾಗ ಮೋಶೆಯನ್ನು ಕಾಪಾಡಿದ್ದು ಅದೇ ನದಿ, ಅದಕ್ಕೆ ಅವನು ಕೈ ಎತ್ತಬಾರದು. ನೀರು ಕುಡಿದ ಬಾವಿಗೆ ಮಣ್ಣು ಹೆಂಟೆ ಎಸೆಯಬೇಡ ಎಂದು ಯಹೂದಿ ಧರ್ಮಗ್ರಂಥ ತಾಲ್ಮುದ್ ಕೂಡ ಹೇಳುತ್ತದೆ. ಉಂಡ ಮನೆಗೆ ಎರಡು ಬಗೆಯಬೇಡ ಎಂದು ಬೆಳೆದ ನಮಗೆ ಇದು ಹೊಸದೇನಲ್ಲ. ಮನೆಯ ಮಕ್ಕಳಿಗೂ ಇದು ಅನ್ವಯಿಸುತ್ತದೆ: ಹಬ್ಬದ ಸಿದ್ಧತೆ ಮಾಡಿದವರ ಮೇಲೆ ಒಂದು ಬಿಸ್ಕೆಟ್ ಚೂರಿಗೆ ಕೂಗಾಡುವುದು ಅದೇ ಬಾವಿಗೆ ಹೆಂಟೆ ಎಸೆದಂತೆ. ಮೇಜಿಗೆ ಕರೆದರೆ ಸಂಕೋಚಪಡದೆ ಕೂರಿ. "ಹಸಿದವರೆಲ್ಲ ಬಂದು ಉಣ್ಣಲಿ" ಎಂಬ ಕರೆಯಿಂದಲೇ ಸೇಡೆರ್‌ನಲ್ಲಿ ಬಿಡುಗಡೆಯ ಕಥೆ ಹೇಳುವುದು ಶುರುವಾಗುತ್ತದೆ.

## ದಾರಿ ತಪ್ಪುತ್ತಿದೆ ಎನ್ನುವ ಸೂಚನೆಗಳು

- ಹಬ್ಬಕ್ಕೆ ವಾರ ಇದೆ, ನೀವಿನ್ನೂ ಕಿಟಕಿ ಒರೆಸುತ್ತಿದ್ದೀರಿ.
- ಅಜ್ಜಿಯ ಮಾತ್ರೆಯ ಸಮಯ ಎರಡು ಸಲ ತಪ್ಪಿದೆ.
- ಅಡುಗೆಮನೆ ಮುಗಿದಿದೆ, ಮಲಗುವ ಕೋಣೆ ಬಾಕಿ.
- ಯಾರನ್ನು ಕೇಳಿದರೂ "ಗೊತ್ತಿಲ್ಲ, ಹೋದ ವರ್ಷದ ಹಾಗೆ ಮಾಡು" ಅನ್ನುತ್ತಾರೆ.

ಇವುಗಳಲ್ಲಿ ಒಂದು ಕಂಡರೂ ಆ ದಿನದ ತಿಕ್ಕುವುದನ್ನು ನಿಲ್ಲಿಸಿ. ಅಜ್ಜಿಯ ಮಗಳಿಗೆ ಫೋನ್ ಮಾಡಿ, ಬಿಟ್ಟುಬಿಡಬಹುದಾದ ಕೆಲಸಗಳನ್ನು ಪಟ್ಟಿಯಿಂದ ಹೊಡೆದುಹಾಕಿಸಿ.

## ಹಬ್ಬದ ನಡುವೆ ಖಮೇಟ್ಸ್ ಸಿಕ್ಕರೆ

ಸಿಗುತ್ತದೆ. ಗಾಬರಿ ಬೇಡ, ಬಚ್ಚಿಡುವುದೂ ಬೇಡ. ಮನೆಯವರಿಗೆ ಹೇಳಿ. ಮಧ್ಯದ ದಿನಗಳಾದರೆ ಅವರು ಸುಟ್ಟುಬಿಡುತ್ತಾರೆ. ಶಬ್ಬತ್ ಅಥವಾ ಮೊದಲ, ಕೊನೆಯ ಹಬ್ಬದ ದಿನವಾದರೆ ಅದರ ಮೇಲೆ ಒಂದು ಬಟ್ಟಲು ಕವುಚಿ ಹಾಕಿ, ದಿನ ಮುಗಿಯುವವರೆಗೆ ಬಿಡುತ್ತಾರೆ.

ಹಬ್ಬ ಮುಗಿದ ರಾತ್ರಿ ಮಾರಿದ ಕಪಾಟಿನ ಟೇಪ್ ಕೀಳುವ ಆತುರ ಬೇಡ. ರಬ್ಬಿ ಅದನ್ನು ಮರಳಿ ಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಹಬ್ಬದ ಪಾತ್ರೆಗಳನ್ನು ಒಣಗಿಸಿ, ಪೆಟ್ಟಿಗೆಗೆ ತುಂಬಿ, ಮೇಲೆ "ಮಾಂಸ", "ಹಾಲು" ಎಂದು ಬರೆದಿಡಿ. ಮುಂದಿನ ವರ್ಷ ಆ ಪೆಟ್ಟಿಗೆ ತೆರೆಯುವವರು ನೀವಲ್ಲದೆ ಬೇರೆಯವರೂ ಆಗಿರಬಹುದು.